ಹಸಿ ನೆಲಕ್ಕೆ ಸೀಲರ್ ಬಳಿಸಬೇಡಿ

ಮನೆಗೆ ರೆಡ್ ಆಕ್ಸೈಡ್ ನೆಲ (ಸಿಮೆಂಟಿಗೆ ಕೆಂಪು ಬಣ್ಣದ ಪುಡಿ ಬೆರೆಸಿ ಹಾಕುವ ಗಾರೆ ನೆಲ) ಹಾಕಿಸಬೇಕೆಂದಿರುವವರು, ಅದರಲ್ಲೂ ಗೃಹಪ್ರವೇಶದ ದಿನ ಗೊತ್ತಾಗಿರುವವರು, ದಯವಿಟ್ಟು ಇದನ್ನು ಓದಿ.

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಮನೆಯ ಜಗುಲಿ ಕೆಂಪು ಗಾರೆಯದು. ನಡೆದು ನಡೆದೇ ಅದಕ್ಕೆ ಹೊಳಪು ಬಂದಿತ್ತು. ಅಂಥದ್ದೇ ನೆಲ ಬೇಕೆಂಬ ಆಸೆಯಿಂದ ಶಿವಮೊಗ್ಗದಲ್ಲಿ ಕಟ್ಟಿಸಿದ ಮನೆಯ ನಡುಮನೆಗೆ ಟೈಲ್ಸ್ ಬೇಡವೆಂದು ಹಠ ಹಿಡಿದವಳು ನಾನೇ. ಆದರೆ ಆಷಾಢ ಹಿಡಿಯುವ ಮೊದಲೇ ಒಕ್ಕಲಾಗಬೇಕಿತ್ತು. ನೆಲದ ಕೆಲಸ ಶುರುವಾಗುವ ಹೊತ್ತಿಗೆ ಉಳಿದದ್ದು ಹದಿನೈದೇ ದಿನ, ಹೊರಗೆ ಮಳೆ.

ಮೇಸ್ತ್ರಿ ಹದಿನೆಂಟು ಅಡಿ ಉದ್ದದ ನೆಲವನ್ನು, ಬಿರುಕು ಬಿಡದಂತೆ ನಡುನಡುವೆ ಕೊಡಬೇಕಾದ ಪಟ್ಟಿಯನ್ನು ಎಲ್ಲಿಯೂ ಕೊಡದೆ, ಒಂದೇ ಹಾಸಾಗಿ ಎಳೆದರು. ಕಲಸಿದ ಗಾರೆಗೆ ನೀರು ಹೆಚ್ಚಾಗಿ ಮೇಲೆ ತೇಲಿದಾಗ, ಅದನ್ನು ಹೀರಲೆಂದು ಒಣ ಸಿಮೆಂಟು ಮತ್ತು ಆಕ್ಸೈಡ್ ಪುಡಿಯನ್ನು ಉದುರಿಸಿ ಕರಣೆಯಿಂದ ಉಜ್ಜಿದರು. ಆಗ ಬಂದ ಹೊಳಪು ಕಂಡು ನಾನು ಹಿಗ್ಗಿದ್ದೆ. ಅದು ಬರೀ ತೆಳ್ಳನೆಯ, ಬಲವಿಲ್ಲದ ಸಿಪ್ಪೆ ಎಂದು ಆಮೇಲೆ ಗೊತ್ತಾಯಿತು. ಕನಿಷ್ಠ ಏಳು ದಿನ ನೀರು ಕಟ್ಟಬೇಕಾದ ನೆಲಕ್ಕೆ ಮೂರೇ ದಿನ ನೀರು ಕಟ್ಟಿ, ನಂತರ ಫ್ಯಾನ್ ಹಾಕಿ ಒಣಗಿಸಿದರು. ಹತ್ತನೆಯ ದಿನ ಸೀಲರ್, ಅಂದರೆ ನೆಲದ ಮೇಲೆ ಪೊರೆ ಕಟ್ಟಿ ಹೊಳಪು ಕೊಡುವ ಲೇಪ, ತಂದರು. "ಕೈಗೆ ಹಸಿ ಹತ್ತುವುದಿಲ್ಲವಲ್ಲಾ ಅಮ್ಮ, ಏನೂ ಆಗುವುದಿಲ್ಲ" ಎಂದರು. ನಾನೂ ಅಂಗೈ ಇಟ್ಟು ನೋಡಿ ಒಪ್ಪಿದೆ.

ಹೋಮದ ದಿನ ನೆಲ ಕನ್ನಡಿಯಂತಿತ್ತು. ಮೂರನೆಯ ವಾರ ಕಿಟಕಿಯ ಕೆಳಗೆ ಹಾಲು ಚೆಲ್ಲಿ ಒಣಗಿದಂಥ ಬಿಳಿ ಮಚ್ಚೆ ಕಂಡಿತು. ಒರೆಸಿದೆ, ಹೋಗಲಿಲ್ಲ. ಅದು ಸೀಲರ್‌ನ ಒಳಗಿತ್ತು. ಉಗುರು ತಾಗಿಸಿದರೆ ರೂಪಾಯಿ ಅಗಲದ ಹಕ್ಕಳೆ ಎದ್ದು ಬರುತ್ತಿತ್ತು, ಅದರ ತಳದಲ್ಲಿ ಕೆಂಪು ಪುಡಿ ಅಂಟಿಕೊಂಡಿರುತ್ತಿತ್ತು. ದೀಪಾವಳಿಯ ಹೊತ್ತಿಗೆ ಗೋಡೆಯಿಂದ ಗೋಡೆಗೆ ಒಂದು ಬಿರುಕೂ ಓಡಿತು.

ಆದದ್ದು ಇಷ್ಟು. ಮೇಲ್ಮೈ ಒಣಗಿದರೂ ಒಳಗಿನ ತೇವ ಮೇಲೆ ಬರುತ್ತಲೇ ಇರುತ್ತದೆ. ಬರುವಾಗ ಸಿಮೆಂಟಿನ ಸುಣ್ಣವನ್ನೂ ಕರಗಿಸಿಕೊಂಡು ತರುತ್ತದೆ. ಆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿಯ ಪೊರೆಯಾಗುತ್ತದೆ. ಬರಿಯ ನೆಲವಾಗಿದ್ದರೆ ಉಜ್ಜಿ ತೆಗೆಯಬಹುದಿತ್ತು. ಮೇಲೆ ಸೀಲರ್ ಇದ್ದದ್ದರಿಂದ ತೇವ ಹೊರಹೋಗಲು ದಾರಿಯಿಲ್ಲದೆ ಆ ಸೀಲರನ್ನೇ ಎಬ್ಬಿಸಿತು.

ಅಂಗೈ ಇಟ್ಟು ನೋಡುವುದು ಪರೀಕ್ಷೆಯೇ ಅಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಎತ್ತಿದಾಗ ಹಾಳೆಯ ಅಡಿ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ಸೀಲರ್ ಡಬ್ಬಿಯ ಮುಚ್ಚಳವನ್ನೇ ತೆಗೆಯಬೇಡಿ. ನಮ್ಮ ಮನೆಯ ಖಾಲಿ ಡಬ್ಬಿ ಹಿತ್ತಲಲ್ಲಿ ಬಿದ್ದಿತ್ತು. ಮಣ್ಣು ಒರೆಸಿ ಓದಿದೆ. ಹೊಸ ಕಾಂಕ್ರೀಟಿಗೆ 28 ದಿನ ಕಾಯಬೇಕೆಂದು ಅದರ ಮೇಲೇ ಅಚ್ಚಾಗಿತ್ತು. ಆವತ್ತು ನನಗಾದ ಸಂಕಟ ಈಗಲೂ ಹೋಗಿಲ್ಲ.

ಇನ್ನೊಂದು ಮಾತು. ಮಚ್ಚೆ ಹೋಗಲೆಂದು ಯಾರಾದರೂ ಆಸಿಡ್ ಹಾಕಿ ತೊಳೆಯಲು ಹೇಳಿದರೆ ಕೇಳಬೇಡಿ. ಬಾಗಿಲ ಹಿಂದೆ ಒಂದಡಿ ಜಾಗದಲ್ಲಿ ಹಾಕಿ ನೋಡಿದೆ. ಆಸಿಡ್ ಸಿಮೆಂಟನ್ನೇ ತಿಂದು ಮರಳು ಎದ್ದು ನಿಂತಿತು, ಹೊಗೆಗೆ ಅಮ್ಮ ಎರಡು ದಿನ ಕೆಮ್ಮಿದರು. ಬಚ್ಚಲು ತೊಳೆಯುವ ಆಸಿಡ್ ದ್ರಾವಣವೂ ಈ ನೆಲಕ್ಕೆ ಬೇಡ.

ಕೊನೆಗೆ ಯಂತ್ರದಲ್ಲಿ ಸೀಲರ್ ಉಜ್ಜಿಸಿ ತೆಗೆಸಿ, ಒಂದು ಬೇಸಿಗೆ ಪೂರ್ತಿ ನೆಲವನ್ನು ಹಾಗೆಯೇ ಬಿಟ್ಟೆವು. ಈಗ ಅಮ್ಮ ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆಯಿಂದ ತೆಳ್ಳಗೆ ಒರೆಸುತ್ತಾರೆ. ಬಣ್ಣ ಅಲ್ಲಲ್ಲಿ ಮಾಸಲು, ಬಿರುಕು ಇದ್ದಲ್ಲೇ ಇದೆ.

ಮಲಗುವ ಕೋಣೆಯ ನೆಲ ಇನ್ನೂ ಬಾಕಿ. ಈ ಸಲ ನಾಲ್ಕು ಅಡಿಗೊಂದರಂತೆ ಕೊಡಲು ಗಾಜಿನ ಪಟ್ಟಿ ತಂದಿಟ್ಟಿದ್ದೇನೆ. ಬೇರೆ ಮೇಸ್ತ್ರಿಯೊಬ್ಬರು ಎರಡಡಿಯ ಮಾದರಿ ಹಾಕಿ ತೋರಿಸಲು ಒಪ್ಪಿದ್ದಾರೆ. ಕೊನೆಯ ಕಂತಿನ ಹಣ 28 ದಿನ ಕಳೆದ ಮೇಲೆಯೇ ಎಂದು ಮೊದಲೇ ಮಾತಾಗಿದೆ.