ಮೈಕ್ರೋಫ್ಯಾರಡ್ ಒಂದನ್ನೇ ತೋರಿಸುವ ಅಗ್ಗದ ಮೀಟರ್ ಕೊಳ್ಳುವ ಮುನ್ನ

ರಾಯಚೂರು, ಸಿಂಧನೂರು, ಮಾನ್ವಿ ಕಡೆ ಇನ್ವರ್ಟರ್, ಸ್ಟೆಬಿಲೈಜರ್, ಟಿವಿ ಬೋರ್ಡುಗಳ ರಿಪೇರಿ ಮಾಡುವವರು ಹಾಗೂ ಡಿಪ್ಲೊಮಾ ಓದುತ್ತಲೇ ಈ ಕೆಲಸ ಕಲಿಯುತ್ತಿರುವ ಹುಡುಗರು ಆನ್‌ಲೈನಿನಲ್ಲಿ ಅಗ್ಗದ ಎಲ್‌ಸಿಆರ್ ಮೀಟರ್ (ಕಾಯಿಲ್, ಕೆಪಾಸಿಟರ್, ರೆಸಿಸ್ಟರುಗಳನ್ನು ಅಳೆಯುವ ಸಾಧನ) ತರಿಸುವ ಮುನ್ನ ದಯವಿಟ್ಟು ಇದನ್ನು ಓದಬೇಕು. ಎಲ್ಲ ಬಿಡಿಭಾಗಗಳನ್ನೂ ನಿಖರವಾಗಿ ಅಳೆಯುತ್ತದೆ ಎಂಬ ಜಾಹೀರಾತಿನೊಂದಿಗೆ ಮಾರಾಟವಾಗುತ್ತಿದ್ದ ಅಂಥದೊಂದು ಮೀಟರಿನಿಂದ ನನಗೆ ಹಣವೂ ಹೋಯಿತು, ಗಿರಾಕಿಯ ಮುಂದೆ ಮಾತೂ ಹೋಯಿತು.

ರಿಪೇರಿಗೆ ಬಂದ ಇನ್ವರ್ಟರ್ ಬೋರ್ಡಿನಲ್ಲಿದ್ದ 1000 ಮೈಕ್ರೋಫ್ಯಾರಡ್ (ಕೆಪಾಸಿಟರ್ ಎಷ್ಟು ಚಾರ್ಜ್ ಹಿಡಿಯಬಲ್ಲದು ಎಂಬುದರ ಅಳತೆ), 25 ವೋಲ್ಟಿನ ಕೆಪಾಸಿಟರನ್ನು ಬಿಚ್ಚಿ ಅಳೆದಾಗ ಆ ಮೀಟರ್ 930 ತೋರಿಸಿತು. ಇಂಥ ಕೆಪಾಸಿಟರುಗಳಲ್ಲಿ ಶೇಕಡ 20ರಷ್ಟು ಹೆಚ್ಚುಕಡಿಮೆ ಸಹಜವಾದ್ದರಿಂದ ಆ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ಐಸಿ, ಮಾಸ್ಫೆಟ್ ಎರಡನ್ನೂ ಬದಲಿಸಿದರೂ ಬೋರ್ಡು ಏಳಲಿಲ್ಲ. ಕೊನೆಗೆ ಪರಿಚಯದವರೊಬ್ಬರ ಇಎಸ್‌ಆರ್ ಮೀಟರಿಗೆ ಹಿಡಿದಾಗ ಅದೇ ಕೆಪಾಸಿಟರಿನ ಒಳಗಿನ ರೋಧ, ಅಂದರೆ ಇಎಸ್‌ಆರ್, 2 ಓಮ್ ದಾಟಿತ್ತು. ಅಷ್ಟೇ ಮೈಕ್ರೋಫ್ಯಾರಡಿನ ಹೊಸದರಲ್ಲಿ 0.1 ಓಮ್ ಕೂಡ ಇರಲಿಲ್ಲ.

ಅಗ್ಗದ ಮೀಟರುಗಳಲ್ಲಿ ಹೆಚ್ಚಿನವು ಕೆಪಾಸಿಟರನ್ನು ನಿಧಾನವಾಗಿ ಚಾರ್ಜ್ ಮಾಡಿ, ತಗಲಿದ ಸಮಯದಿಂದ ಮೈಕ್ರೋಫ್ಯಾರಡ್ ಎಷ್ಟೆಂದು ಲೆಕ್ಕ ಹಾಕುತ್ತವೆ. ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಆನ್-ಆಫ್ ಆಗುವ ಪವರ್ ಸಪ್ಲೈಯಲ್ಲಿ ತೊಂದರೆ ಕೊಡುವ ಒಳರೋಧ ಈ ನಿಧಾನದ ಅಳತೆಯಲ್ಲಿ ಕಾಣಿಸುವುದೇ ಇಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಭಾಗದಲ್ಲಿ ಇದನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ಶಾಖ 10 ಡಿಗ್ರಿ ಏರಿದರೆ ಇಂಥ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ, ಮತ್ತು ಒಳಗಿನ ದ್ರವ ಒಣಗುವಾಗ ಮೈಕ್ರೋಫ್ಯಾರಡ್ ಕುಸಿಯುವ ಮೊದಲೇ ಇಎಸ್‌ಆರ್ ಏರಿರುತ್ತದೆ.

ಆ ಮೀಟರ್ ಹೆಚ್ಚು ಕಾಲ ಬಾಳಲೂ ಇಲ್ಲ. ಇನ್‌ಪುಟ್ಟಿಗೆ ರಕ್ಷಣೆ ಇದೆಯೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದರೂ, ಕೆಪಾಸಿಟರಿನಲ್ಲಿ ಉಳಿದಿದ್ದ ಸಣ್ಣ ಚಾರ್ಜಿಗೇ ಅದು ಸುಟ್ಟುಹೋಯಿತು. ಬಿಚ್ಚಿ ನೋಡಿದರೆ ರಕ್ಷಣೆಯ ಎರಡು ಡಯೋಡುಗಳಿಗೆಂದು ಗುರುತು ಮಾಡಿದ್ದ ಜಾಗ ಖಾಲಿಯಿತ್ತು, ಫ್ಯೂಸಿನ ಜಾಗದಲ್ಲಿ ಒಂದು ತಂತಿಯ ತುಂಡನ್ನು ಬೆಸೆದಿದ್ದರು. ಮಾರಿದವರು ಬಳಕೆದಾರರೇ ಹಾಳು ಮಾಡಿದ್ದಾರೆಂದು ಹಣ ಹಿಂತಿರುಗಿಸಲು ಒಪ್ಪಲಿಲ್ಲ. 230 ವೋಲ್ಟ್ ಎಸಿಯನ್ನು ಡಿಸಿ ಮಾಡುವ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ನಿಂತಿರುತ್ತದೆ. 5 ವೋಲ್ಟಿನಲ್ಲಿ ನಡೆಯುವ ಮೀಟರುಗಳಿಗೆ ಅದರ ಚಿಕ್ಕ ಪಾಲೂ ಅಪಾಯ. ಆದ್ದರಿಂದ ಯಾವ ಮೀಟರಾದರೂ ಮೊದಲು ರೆಸಿಸ್ಟರ್ ಮೂಲಕ ಚಾರ್ಜ್ ಇಳಿಸಿ, ವೋಲ್ಟೇಜ್ ಸೊನ್ನೆಯಾಗಿದೆಯೇ ಎಂದು ಬೇರೆ ಮಲ್ಟಿಮೀಟರಿನಲ್ಲಿ ನೋಡಿಕೊಳ್ಳಬೇಕು.

ಕೊಳ್ಳುವಾಗ ಯಾವ ಫ್ರೀಕ್ವೆನ್ಸಿಯಲ್ಲಿ ಅಳೆಯುತ್ತದೆ ಎಂಬುದನ್ನು ಕೇಳಿ. 100 ಹರ್ಟ್ಸ್, 1 ಕಿಲೋಹರ್ಟ್ಸ್ ಜೊತೆಗೆ 100 ಕಿಲೋಹರ್ಟ್ಸ್ ಇದ್ದು, ಇಎಸ್‌ಆರ್ ಪ್ರತ್ಯೇಕವಾಗಿ ತೋರಿಸುವುದಾದರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಪ್ರೋಬಿನ ರೋಧವನ್ನು ಕಳೆಯುವ ಝೀರೋ ಬಟನ್ ಇರಲೇಬೇಕು. ಅಷ್ಟು ಹಣವಿಲ್ಲದಿದ್ದರೆ ಸಾಧಾರಣ ಮಲ್ಟಿಮೀಟರ್ ಜೊತೆ ಇಎಸ್‌ಆರ್ ಮಾತ್ರ ಅಳೆಯುವ ಸಣ್ಣ ಮೀಟರೊಂದನ್ನು ಇಟ್ಟುಕೊಳ್ಳುವುದು ಮೇಲು.

ಪಾರ್ಸೆಲ್ ಬಂದ ದಿನವೇ, ವಾಪಸ್ ಮಾಡುವ ಅವಧಿ ಮುಗಿಯುವ ಮೊದಲು, ಶೇಕಡ 1ರ ಮೆಟಲ್ ಫಿಲ್ಮ್ ರೆಸಿಸ್ಟರ್, ಹೊಸ ಕೆಪಾಸಿಟರ್ ಮತ್ತು ಹಳೆಯ ಬೋರ್ಡಿನಿಂದ ಕಿತ್ತ ತಲೆ ಉಬ್ಬಿದ ಕೆಪಾಸಿಟರ್, ಈ ಮೂರನ್ನೂ ಅಳೆದು ನೋಡಿ. ಉಬ್ಬಿದ್ದಕ್ಕೂ ಹೊಸದಕ್ಕೂ ಅದು ವ್ಯತ್ಯಾಸ ತೋರಿಸದಿದ್ದರೆ ಕೂಡಲೇ ಹಿಂದಕ್ಕೆ ಕಳಿಸಿ.