ಆಯಿಲ್ ಪ್ರೆಶರ್ ಗೇಜ್ ಎಲ್ಲಿ ಕೂರಿಸೋದು: ಪಿಲ್ಲರ್ ಪಾಡ್, ಡಿನ್ ಪ್ಯಾನೆಲ್, ಇಲ್ಲಾ ಗಾಳಿ ವೆಂಟ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗಾಳಿ ವೆಂಟ್‌ಗೆ. ನನ್ನದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5, ಟಾಪ್ ತೆರೆಯಬಹುದಾದ ಎರಡು ಸೀಟಿನ ಕಾರು. ಅದರ ಡ್ಯಾಶ್‌ಬೋರ್ಡಿನ ವೆಂಟ್‌ಗಳೆಲ್ಲ ದುಂಡಗಿವೆ. ಹೊರಗೆ ಸಿಗುವ ಗೇಜ್‌ಗಳಲ್ಲಿ ಜಾಸ್ತಿ ಇರೋದು 52 ಮಿ.ಮೀ. ಅಳತೆಯವು, ಅವೂ ದುಂಡಗೆ. ವೆಂಟಿನ ಗುಂಡು ತೆಗೆದು, ಅಡಾಪ್ಟರ್ ರಿಂಗ್ ಹಾಕಿ ಗೇಜ್ ಒಳಗೆ ತಳ್ಳಿದರೆ ಕಾರಿನ ಜೊತೆಗೇ ಬಂದದ್ದೇನೋ ಅನ್ನಿಸುತ್ತದೆ.

ಮೀಟರಿನಲ್ಲೇ ಆಯಿಲ್ ಪ್ರೆಶರ್ ಮುಳ್ಳು ಇದೆ ಅಲ್ವಾ, ಇನ್ನೊಂದು ಯಾಕೆ ಅಂತ ಕೇಳಬಹುದು. ಇದೆ ನಿಜ. ಆದರೆ 1995ರ ಸುಮಾರಿಗೆ ಮಾಜ್ದಾ ಅದನ್ನು ಬದಲಿಸಿತು. ಅದಕ್ಕೂ ಮುಂಚಿನ ಕಾರುಗಳಲ್ಲಿ ಮುಳ್ಳು ನಿಜವಾದ ಒತ್ತಡ ತೋರಿಸುತ್ತಿತ್ತು. ಆಮೇಲಿನವುಗಳಲ್ಲಿ ಹಿಂದೆ ಇರೋದು ಬರೀ ಒಂದು ಸ್ವಿಚ್. ಒತ್ತಡ ಸ್ವಲ್ಪ ಇದ್ದರೂ ಮುಳ್ಳು ನಡುವಿಗೆ ಬಂದು ನಿಲ್ಲುತ್ತದೆ, ಪೂರ್ತಿ ಹೋದಾಗ ಮಾತ್ರ ಕೆಳಗೆ ಬೀಳುತ್ತದೆ. ಅಷ್ಟರಲ್ಲಿ ಎಂಜಿನ್ ಕತೆ ಮುಗಿದಿರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಇರಬೇಕು ಅನ್ನೋದು ಹಳೇ ಲೆಕ್ಕ. ಅದನ್ನು ನೋಡೋಕೆ ಅಂಕಿ ಇರುವ ಗೇಜೇ ಬೇಕು.

ನಾನು ಮೊದಲು ಹಾಕಿಸಿದ್ದು ಎ-ಪಿಲ್ಲರ್ ಪಾಡ್, ಅಂದರೆ ವಿಂಡ್‌ಶೀಲ್ಡ್ ಪಕ್ಕದ ಕಂಬಕ್ಕೆ ಗೇಜ್ ಕೂರಿಸುವ ಬಟ್ಟಲು. ಕಣ್ಣಿನ ಎತ್ತರಕ್ಕೆ ಬರುತ್ತದೆ, ರಸ್ತೆಯಿಂದ ನೋಟ ತೆಗೆಯಬೇಕಾಗಿಲ್ಲ. ಅದೊಂದೇ ಅದರ ಗುಣ. ಹೊಸ ಪಾಡ್ ಕಪ್ಪಗೆ ಮಿಂಚುತ್ತದೆ, ಸುತ್ತ ಬಿಸಿಲಿಗೆ ಬೆಳ್ಳಗಾದ ಹಳೇ ಪ್ಲಾಸ್ಟಿಕ್. ಉಬ್ಬುತಗ್ಗು ಬಂದರೆ ಕಟಕಟ ಶಬ್ದ. ರಾತ್ರಿ ಗೇಜಿನ ದೀಪ ವಿಂಡ್‌ಶೀಲ್ಡ್‌ನಲ್ಲಿ ಕಾಣಿಸುತ್ತದೆ. ಬೇಡ ಅಂತ ತೆಗೆದರೆ ಟ್ರಿಮ್‌ನಲ್ಲಿ ಸ್ಕ್ರೂ ತೂತು ಉಳಿಯುತ್ತದೆ. ಇನ್ನೊಂದು ಮಾತು, ಮಾಡು ಇರುವ ಹೊಸ ಕಾರುಗಳಲ್ಲಿ ಕರ್ಟನ್ ಏರ್‌ಬ್ಯಾಗ್ ಈ ಪಿಲ್ಲರ್ ಟ್ರಿಮ್‌ನ ಹಿಂದೆಯೇ ಹಾದು ಹೋಗಿರುತ್ತದೆ. ಅಂಥ ಕಾರಿನಲ್ಲಿ ಅಲ್ಲಿ ಸ್ಕ್ರೂ ಹಾಕೋ ಯೋಚನೆಯೇ ಬೇಡ.

ಡಿನ್ ಪ್ಯಾನೆಲ್ ಅಂದರೆ ರೇಡಿಯೋ ಕೂರುವ ಜಾಗದಲ್ಲಿ ಮೂರು ಗೇಜ್ ಇಡುವ ಪಟ್ಟಿ. ನೋಡೋಕೆ ಚಂದ. ಆದರೆ ಗೇರ್ ಲಿವರ್ ಹಿಂದೆ, ಅಷ್ಟು ಕೆಳಗೆ ಇದ್ದರೆ ಜೋರಾಗಿ ಓಡಿಸುವಾಗ ಯಾರು ನೋಡುತ್ತಾರೆ?

ವೆಂಟಿನ ವಿಷಯಕ್ಕೆ ಬರೋಣ. ಚಾಲಕನ ಕಡೆಗಿರುವ ನಡುವಿನ ವೆಂಟನ್ನು ಬಲಿ ಕೊಟ್ಟೆ. ಮೂವತ್ತು ವರ್ಷದ ಪ್ಲಾಸ್ಟಿಕ್ ಕ್ಲಿಪ್, ಹಾಗೇ ಎಳೆದರೆ ಮುರಿಯುತ್ತದೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿಕೊಂಡರೆ ಬಗ್ಗುತ್ತದೆ. ಒಳಗಿನ ಗಾಳಿಕೊಳವೆಯ ಬಾಯಿಗೆ ಫೋಮ್ ತುಂಬಿ ಮುಚ್ಚಲೇಬೇಕು. ಇಲ್ಲದಿದ್ದರೆ ಹೀಟರ್ ಬಿಸಿಯೂ ಏಸಿ ತೇವವೂ ನೇರವಾಗಿ ಗೇಜಿನ ಬೆನ್ನಿಗೆ ಹೊಡೆಯುತ್ತವೆ. ಇಷ್ಟರವರೆಗೆ ಎಲ್ಲ ಸಲೀಸು. ತಲೆ ತಿಂದದ್ದು ದೀಪದ ವೈರ್.

ಹಗಲಲ್ಲಿ ಗೇಜ್ ಸರಿಯಾಗಿತ್ತು. ಸಂಜೆ ಹೆಡ್‌ಲೈಟ್ ಹಾಕಿದ ಕ್ಷಣ ಮುಳ್ಳು ಜಾಗ ಬದಲಿಸುತ್ತಿತ್ತು. ಡ್ಯಾಶ್ ದೀಪದ ಬೆಳಕು ಹೆಚ್ಚು ಕಮ್ಮಿ ಮಾಡುವ ಡಿಮ್ಮರ್ ತಿರುಗಿಸಿದರೆ ಮುಳ್ಳೂ ಜೊತೆಗೆ ಸರಿಯುತ್ತಿತ್ತು. ದೀಪ ಕಮ್ಮಿ ಮಾಡಿದರೆ ಆಯಿಲ್ ಪ್ರೆಶರ್ ಬದಲಾಗುತ್ತದೆ ಅಂದರೆ ಏನು ಹೇಳೋದು! ಸೆಂಡರ್ (ಎಂಜಿನ್ನಿನಲ್ಲಿ ಕೂತು ಒತ್ತಡವನ್ನು ಗೇಜಿಗೆ ತಿಳಿಸುವ ಭಾಗ) ಕೆಟ್ಟಿದೆ, ಹೊಸದು ತನ್ನಿ ಅಂದ ವೈರಿಂಗ್ ಮಾಡಿಕೊಟ್ಟ ಪುಣ್ಯಾತ್ಮ. ಸೆಂಡರ್‌ಗೆ ಏನೂ ಆಗಿರಲಿಲ್ಲ.

ಆಗಿದ್ದು ಇಷ್ಟು. ಹಲವು ಜಪಾನಿ ಕಾರುಗಳಲ್ಲಿ ಡಿಮ್ಮರ್ ಇರೋದು ಪಾಸಿಟಿವ್ ಕಡೆ ಅಲ್ಲ, ಅರ್ತ್ ಕಡೆ. ಬಲ್ಬಿಗೆ 12 ವೋಲ್ಟ್ ಪೂರ್ತಿ ಬರುತ್ತದೆ, ವಾಪಸ್ ಹೋಗುವ ವೈರನ್ನು ಡಿಮ್ಮರ್ ಬಿಗಿ ಹಿಡಿಯುತ್ತದೆ. ಆ ವಾಪಸ್ ವೈರನ್ನೇ ಅರ್ತ್ ಅಂದುಕೊಂಡು ಗೇಜಿನ ಕಪ್ಪು ವೈರ್ ಸೇರಿಸಿದ್ದರು. ಗೇಜಿನ ದೀಪಕ್ಕೂ ಮುಳ್ಳಿಗೂ ಆ ಕಪ್ಪು ವೈರ್ ಒಂದೇ. ಸೆಂಡರ್ ಮಾತ್ರ ಎಂಜಿನ್ ಬ್ಲಾಕ್ ಮೂಲಕ ಸರಿಯಾದ ಅರ್ತ್ ಹಿಡಿದಿದೆ. ಗೇಜಿನ ಸೊನ್ನೆ ಒಂದು ಕಡೆ, ಸೆಂಡರ್‌ನ ಸೊನ್ನೆ ಇನ್ನೊಂದು ಕಡೆ. ಹೀಗಿದ್ದರೆ ಅಂಕಿ ತಪ್ಪದೆ ಇನ್ನೇನಾಗುತ್ತದೆ?

ಪತ್ತೆ ಮಾಡೋದು ಸುಲಭ. ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಯ ಲೋಹಕ್ಕೆ ಇಡಿ, ಕೆಂಪು ಕಡ್ಡಿಯನ್ನು ಡ್ಯಾಶ್ ದೀಪದ ಎರಡೂ ವೈರ್‌ಗಳಿಗೆ ಒಂದೊಂದಾಗಿ ತಾಗಿಸಿ ಡಿಮ್ಮರ್ ತಿರುಗಿಸಿ. ಒಂದು ವೈರ್ 12ರ ಆಸುಪಾಸಿನಲ್ಲೇ ನಿಂತು ಇನ್ನೊಂದು ಏರಿಳಿದರೆ ಡಿಮ್ಮರ್ ಅರ್ತ್ ಕಡೆಗಿದೆ. ಆಗ ಗೇಜಿನ ಕಪ್ಪು ವೈರ್ ನೇರವಾಗಿ ಡ್ಯಾಶ್ ಹಿಂದಿನ ಬೋಲ್ಟಿಗೆ ಹೋಗಬೇಕು, ಬಣ್ಣ ಕೆರೆದು ಲೋಹ ಕಾಣುವ ಹಾಗೆ. ದೀಪದ ಪಾಸಿಟಿವ್ ಮಾತ್ರ ಆ 12 ವೋಲ್ಟ್ ವೈರಿಗೆ. ಹೀಗೆ ಮಾಡಿದರೆ ಕಾರಿನ ಡಿಮ್ಮರ್ ಗೇಜಿಗೆ ಕೆಲಸ ಮಾಡುವುದಿಲ್ಲ, ರಾತ್ರಿ ಪೂರ್ತಿ ಬೆಳಕು. ಪ್ರತ್ಯೇಕವಾಗಿ ಒಂದು ಪುಟ್ಟ ಎಲ್‌ಇಡಿ ಡಿಮ್ಮರ್ ಸಿಕ್ಕಿಸಿದೆ. ದೀಪದ ವೈರ್ ಎರಡೂ ಬೇರೆಯಾಗಿ ಬರುವ ಗೇಜ್ ಸಿಕ್ಕರೆ ಈ ರಗಳೆ ಮುಕ್ಕಾಲು ಪಾಲು ಇರುವುದಿಲ್ಲ.

ಸೆಂಡರ್ ಬಗ್ಗೆ ಒಂದೇ ಸಾಲು: ಎಂಜಿನ್ನಿನ ತೂತು 1/8 ಬಿಎಸ್‌ಪಿಟಿ, ಬಹಳಷ್ಟು ಸೆಂಡರ್‌ಗಳು 1/8 ಎನ್‌ಪಿಟಿ (ಎರಡೂ ಬೇರೆ ಬೇರೆ ಥ್ರೆಡ್ ಅಳತೆ), ಮೊದಲೆರಡು ಸುತ್ತು ಹೋಯಿತು ಅಂತ ಬಿಗಿಯಬೇಡಿ, ಅಡಾಪ್ಟರ್ ಹಾಕಿ.

ಇದೆಲ್ಲ ಯಾಕೆ, ಓಬಿಡಿಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಸಿಗುವ ಸಾಕೆಟ್) ಫೋನ್ ಜೋಡಿಸಿದರೆ ಸಾಲದಾ ಅನ್ನುವವರೂ ಇದ್ದಾರೆ. ಗೆಳೆಯನ ಕಾರಿನಲ್ಲಿ ನೋಡಿದೆ. ನೀರಿನ ಬಿಸಿ ಚೆನ್ನಾಗಿ ತೋರಿಸುತ್ತದೆ. ಆಯಿಲ್ ಪ್ರೆಶರ್ ಸಾಮಾನ್ಯವಾಗಿ ಅದರಲ್ಲಿ ಬರುವುದೇ ಇಲ್ಲ. ನನ್ನ ಕೆಲಸಕ್ಕೆ ಅದು ಆಗದು.

ಖರ್ಚಿನ ಲೆಕ್ಕದಲ್ಲಿ ವೆಂಟ್ ಅಡಾಪ್ಟರ್ ಎಲ್ಲಕ್ಕಿಂತ ಅಗ್ಗ. ಉಳಿದ ದುಡ್ಡು ಒಳ್ಳೆಯ ಗೇಜಿಗೆ ಹೋಯಿತು. ಟಾಪ್ ತೆರೆದೇ ಓಡಿಸುವ ನನಗೆ ಒಂದು ವೆಂಟ್ ಹೋದದ್ದು ಗೊತ್ತೂ ಆಗಲಿಲ್ಲ. ಸದಾ ಏಸಿ ಹಾಕಿಕೊಂಡು ಓಡಿಸುವವರಾದರೆ ಡಿನ್ ಪ್ಯಾನೆಲ್ ನೋಡಿ, ತಲೆ ತಗ್ಗಿಸಿ ನೋಡೋ ಕಷ್ಟ ನಿಮ್ಮದು. ನನ್ನ ಮುಂದಿನ ಗೇಜ್ ನೀರಿನ ಬಿಸಿಯದ್ದು. ಅದಕ್ಕೆ ನಡುವಿನ ಇನ್ನೊಂದು ವೆಂಟ್ ಬೇಕು. ಪಕ್ಕದ ಸೀಟಿನವರು ಇನ್ನೂ ಒಪ್ಪಿಲ್ಲ.