ಹೊತ್ತು ಮುಳುಗುವ ಮುನ್ನ: ಶ್ರವಣಬೆಳಗೊಳದ ಒಂದು ಜೈನ ಭೋಜನಾಲಯ

ಕಳೆದ ಮಾಗಿಯಲ್ಲಿ, ರಾತ್ರಿಭೋಜನ ತ್ಯಾಗದ ವ್ರತವನ್ನು ಪಾಲಿಸುವ ನನ್ನ ತಾಯಿಯವರೊಂದಿಗೆ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಿ, ಚಾವುಂಡರಾಯನು ಕ್ರಿ.ಶ. 981ರಲ್ಲಿ ಪ್ರತಿಷ್ಠಾಪಿಸಿದ ಬಾಹುಬಲಿಯ ದರ್ಶನ ಮುಗಿಸಿ ಇಳಿಯುವಷ್ಟರಲ್ಲಿ ಸಂಜೆ ಐದು ದಾಟಿತ್ತು. ಸೂರ್ಯಾಸ್ತದೊಳಗೆ ಊಟ ಸಿಗದಿದ್ದರೆ ಅವರು ಬೆಳಗಿನವರೆಗೂ ನೀರನ್ನೂ ಮುಟ್ಟುತ್ತಿರಲಿಲ್ಲ. ಬೆಟ್ಟಕ್ಕೆ ಸಮೀಪದ ಈ ಸಣ್ಣ ಭೋಜನಾಲಯ ಅಂದು ನಮ್ಮ ಕೈಹಿಡಿಯಿತು.

ಹೊರಗಿನ ಹೋಟೆಲುಗಳಲ್ಲಿ ‘ಜೈನ ಊಟ’ವೆಂದರೆ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟ ಅಡುಗೆ ಎಂದಷ್ಟೇ ತಿಳಿದು, ಸಾಗುವಿನಲ್ಲಿ ಆಲೂಗಡ್ಡೆ ಹಾಕಿಯೇ ಬಡಿಸಿದ ಅನುಭವ ನಮಗೆ ಹಲವು ಬಾರಿ ಆಗಿದೆ. ಒಂದೇ ಗಡ್ಡೆಯಲ್ಲಿ ಅನಂತ ಜೀವಗಳು ನೆಲೆಸಿವೆ ಎಂಬ ನಂಬಿಕೆಯಿಂದ ಕಂದಮೂಲಗಳನ್ನು ವರ್ಜಿಸಲಾಗುತ್ತದೆ ಎಂಬುದನ್ನು ಅರಿತ ಈ ಅಡುಗೆಮನೆಯಲ್ಲಿ ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್‌ಗಳಿರಲಿ, ಹಸಿಶುಂಠಿಯನ್ನೂ ಬಳಸುವುದಿಲ್ಲ. ಒಣಶುಂಠಿಯ ಪುಡಿಯೇ ಸಾಕಾಗುತ್ತದೆ. ಇಂಗಿನ ಒಗ್ಗರಣೆಯ ಹೀರೆಕಾಯಿ ತೊವ್ವೆ ಮತ್ತು ಕೊಬ್ಬರಿ ತುರಿ ಉದುರಿಸಿದ ಬಾಳೆಕಾಯಿ ಪಲ್ಯ ಎಷ್ಟು ರುಚಿಯಾಗಿದ್ದವೆಂದರೆ, ಏನನ್ನೋ ಬಿಟ್ಟು ಉಣ್ಣುತ್ತಿದ್ದೇವೆ ಎಂಬ ಭಾವನೆಯೇ ಬರಲಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಹಿತ್ತಲಿನ ಬಾವಿಯ ಬಳಿ ಕಂಡ ದೃಶ್ಯ. ಹಿರಿಯ ಅಡುಗೆಯವರೊಬ್ಬರು ಎರಡು ಮಡಿಕೆಯ ದಪ್ಪ ಬಟ್ಟೆಯನ್ನು ಕೊಡದ ಬಾಯಿಗೆ ಕಟ್ಟಿ ನೀರನ್ನು ಸೋಸಿದರು. ಬಳಿಕ ಬಟ್ಟೆಯನ್ನು ಹಿಂಡದೆ, ಮಗುಚಿ, ಸೋಸಿದ ನೀರಿನಿಂದಲೇ ಅದನ್ನು ಮೆಲ್ಲಗೆ ತೊಳೆದು, ಆ ನೀರನ್ನು ಬಿಂದಿಗೆಯಲ್ಲಿಟ್ಟು ಹಗ್ಗದಿಂದ ಬಾವಿಯ ತಳಕ್ಕೆ ಇಳಿಸಿ ಬಿಟ್ಟರು. ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಜೀವಗಳು ಬಂದಲ್ಲಿಗೇ ಮರಳಬೇಕು, ಎತ್ತರದಿಂದ ಸುರಿದರೆ ಅವುಗಳಿಗೆ ಪೆಟ್ಟಾಗುತ್ತದೆ ಎಂದು ಅವರು ಹೇಳಿದರು. ಅಹಿಂಸೆಯ ಬಗ್ಗೆ ಎಷ್ಟೋ ಪ್ರವಚನಗಳನ್ನು ಕೇಳಿದ್ದರೂ, ಅದು ಕೈಯ ಅಭ್ಯಾಸವಾಗಿರುವುದನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಕೊರತೆಗಳೂ ಇವೆ. ಹೆಸರುಬೇಳೆ ಕೋಸಂಬರಿಯಿದ್ದ ಎಲೆಗೆ ಕೇಳದೆಯೇ ಮಜ್ಜಿಗೆ ಬಡಿಸಲು ಬಂದರು. ದ್ವಿದಳ ಧಾನ್ಯದೊಂದಿಗೆ ಮೊಸರು, ಮಜ್ಜಿಗೆ ಸೇರಿಸದ ವ್ರತಸ್ಥರು ಅನೇಕರಿರುವುದರಿಂದ ಮೊದಲು ವಿಚಾರಿಸುವುದು ಉಚಿತ. ಇದಕ್ಕಿಂತ ಮುಖ್ಯವಾಗಿ, ಊಟದ ಕೊನೆಯ ಹೊತ್ತನ್ನು ತಿಳಿಸುವ ಫಲಕ ಎಲ್ಲಿಯೂ ಇಲ್ಲ. ನಾವು ಕೈತೊಳೆಯುತ್ತಿದ್ದಾಗ ಬೆಟ್ಟದಿಂದ ಇಳಿದು ಬಂದ ವೃದ್ಧ ದಂಪತಿಗೆ, ಸೂರ್ಯ ಮುಳುಗಿದ್ದರಿಂದ ಬಾಗಿಲು ಮುಚ್ಚಿತ್ತು. ನಿಯಮ ಸರಿಯಾದುದೇ, ಆದರೆ ಅಂದಂದಿನ ಸೂರ್ಯಾಸ್ತದ ಸಮಯವನ್ನು ಮೆಟ್ಟಿಲುಗಳ ಬಳಿ ಬರೆದು ಹಾಕಿದ್ದರೆ ಅವರು ಅರ್ಧ ಗಂಟೆ ಮೊದಲೇ ಇಳಿಯುತ್ತಿದ್ದರು. ವ್ಯವಸ್ಥಾಪಕರಿಗೆ ಇದನ್ನು ತಿಳಿಸಿದ್ದೇನೆ. ಚಳಿಗಾಲದಲ್ಲಿ ಹೋಗುವವರು ಐದು ಗಂಟೆಯೊಳಗೆ ಅಲ್ಲಿರುವುದು ಒಳ್ಳೆಯದು.